ಪರದೇಶದ ನೆಲದಲ್ಲಿ ಗಡಿ ಮತ್ತು ಕಸ್ಟಮ್ಸ್ ಅಧಿಕಾರಿ: ಕೈಯಲ್ಲಿ ಅಧಿಕಾರವಿಲ್ಲದೆ ಕೆಲಸ ಮಾಡುವುದು ಹೇಗೆ

ಗಡಿ ಭದ್ರತೆ ಅಥವಾ ಕಸ್ಟಮ್ಸ್ ಇಲಾಖೆಯಿಂದ ಹೊರದೇಶದ ಪೋಸ್ಟಿಂಗ್‌ಗೆ ಹೊರಟವರು ಮೊದಲು ಮನೆಯಲ್ಲೇ ಬಿಟ್ಟು ಹೋಗಬೇಕಾದದ್ದು ಸಮವಸ್ತ್ರದ ಗತ್ತು. ಸ್ವಂತ ಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಬಹುದು, ಮಾಲು ಮುಟ್ಟುಗೋಲು ಹಾಕಬಹುದು, ಅನುಮಾನ ಬಂದವರನ್ನು ತಡೆದು ಕೂರಿಸಬಹುದು. ಇನ್ನೊಬ್ಬರ ನೆಲದಲ್ಲಿ ಇವೆಲ್ಲ ಆ ದೇಶದವರ ಕೆಲಸ. ನಿಮ್ಮ ಪಾಲಿಗೆ ಉಳಿಯುವುದು ಕಣ್ಣು, ಮಾತು, ಬರವಣಿಗೆ.

ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದು ಒಪ್ಪಂದದ ಮೇಲೆ ನಿಂತಿದೆ. ಅಮೆರಿಕದ ಅಧಿಕಾರಿಗಳು ಟೊರಾಂಟೊ, ಡಬ್ಲಿನ್, ಶ್ಯಾನನ್, ಅಬುಧಾಬಿ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಹತ್ತುವ ಮೊದಲೇ ತಪಾಸಣೆ ಮಾಡುತ್ತಾರೆ. ಟೊರಾಂಟೊದಲ್ಲಿ ಇದು 1952ರಲ್ಲೇ ಶುರುವಾಯಿತು. ಅವರು ‘ನಮ್ಮ ದೇಶಕ್ಕೆ ಪ್ರವೇಶವಿಲ್ಲ’ ಎನ್ನಬಹುದು, ಆದರೆ ಬಂಧಿಸುವುದು ಸ್ಥಳೀಯ ಪೊಲೀಸರು. ಬ್ರಿಟನ್ ಮತ್ತು ಫ್ರಾನ್ಸ್ 2003ರಲ್ಲಿ ಫ್ರಾನ್ಸಿನ ಲ ತುಕೆ ಪಟ್ಟಣದಲ್ಲಿ ಸಹಿ ಹಾಕಿದ ಒಪ್ಪಂದದಂತೆ ಬ್ರಿಟಿಷ್ ಅಧಿಕಾರಿಗಳು ಫ್ರಾನ್ಸಿನದೇ ಕ್ಯಾಲೆ ಬಂದರಿನಲ್ಲಿ ನಿಂತು ತಪಾಸಣೆ ಮಾಡುತ್ತಾರೆ. ಒಪ್ಪಂದ ಗುರುತಿಸಿಕೊಟ್ಟ ಆವರಣದೊಳಗೆ ಅವರಿಗೆ ಹೆಚ್ಚಿನ ಅಧಿಕಾರವಿದೆ. ಏರ್‌ಲೈನ್ ಲೈಸನ್ ಅಧಿಕಾರಿಗೆ ಮಾತ್ರ ಅಧಿಕಾರವೆಂಬುದೇ ಇಲ್ಲ. ಅವರು ವಿಮಾನ ನಿಲ್ದಾಣದಲ್ಲಿ ನಿಂತು ಪ್ರಯಾಣಿಕರ ದಾಖಲೆಗಳ ಬಗ್ಗೆ ಏರ್‌ಲೈನಿಗೆ ಹೇಳುವ ಸಲಹೆಗಾರರು, ಅಷ್ಟೇ.

ಆದ್ದರಿಂದ ಟಿಕೆಟಿಗಿಂತ ಮೊದಲು ಒಪ್ಪಂದದ ಪ್ರತಿ ತರಿಸಿ ಓದಿ, ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಲ್ಲಿ ಗೆರೆ ಎಳೆಯಿರಿ. ಯಾರನ್ನು ಪ್ರಶ್ನಿಸಬಹುದು? ಸಾಮಾನು ಮುಟ್ಟಬಹುದೆ? ಸಮವಸ್ತ್ರ ಉಂಟೆ? ಎಡವಟ್ಟಾದರೆ ಯಾವ ದೇಶದ ಕೋರ್ಟು? ಕೊನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. 1961ರ ವಿಯೆನ್ನಾ ಒಪ್ಪಂದ ರಾಜತಾಂತ್ರಿಕರಿಗೆ ಕೊಡುವ ರಕ್ಷಣೆ ದೂತಾವಾಸದ ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೆ ಪೂರ್ತಿ ದಕ್ಕುವುದಿಲ್ಲ. ಕೆಲಸಕ್ಕೆ ಸಂಬಂಧಿಸದ ಸಿವಿಲ್ ದಾವೆಯನ್ನು ಅವರು ಎದುರಿಸಲೇಬೇಕು. ಕಾನ್ಸುಲೇಟ್‌ ಅಧಿಕಾರಿಗಳಿಗೆ 1963ರ ಒಪ್ಪಂದ ಅನ್ವಯವಾಗುತ್ತದೆ. ಕರ್ತವ್ಯದ ಭಾಗವಾಗಿ ಮಾಡಿದ್ದಕ್ಕೆ ಮಾತ್ರ ಅದರ ವಿನಾಯಿತಿ. ನಿಮ್ಮ ಕಾಗದದ ಮೇಲೆ ಯಾವ ಪದನಾಮ ಬರೆದಿದ್ದಾರೆ ಎಂದು ಹೊರಡುವ ಮೊದಲೇ ಖಚಿತ ಮಾಡಿಕೊಳ್ಳಿ.

ಚೆಕ್-ಇನ್ ಕೌಂಟರಿನಲ್ಲಿ

ಎಲ್ಲಿ ನಿಲ್ಲಬೇಕು ಎಂಬುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬೋರ್ಡಿಂಗ್ ಗೇಟಿನಲ್ಲಿ ಮಾತ್ರ ನಿಂತರೆ, ಪ್ರಯಾಣಿಕರ ಬ್ಯಾಗು ಅಷ್ಟರಲ್ಲಿ ವಿಮಾನದ ಹೊಟ್ಟೆ ಸೇರಿರುತ್ತದೆ. ಅದನ್ನು ಹುಡುಕಿ ಇಳಿಸಲು ಹೋದರೆ ವಿಮಾನ ತಡ. ಆ ಒತ್ತಡದಲ್ಲಿ ಏರ್‌ಲೈನಿನವರು ನಿಮ್ಮ ಮಾತಿಗೆ ಕಿವಿಗೊಡುವುದು ಕಷ್ಟ. ಹಾಗೆಂದು ಕೌಂಟರಿನಲ್ಲೇ ಉಳಿದರೂ ಮೋಸ ಹೋಗುತ್ತೀರಿ: ಟ್ರಾನ್ಸಿಟ್ ಲಾಂಜಿನಲ್ಲಿ ಇಬ್ಬರು ಬೋರ್ಡಿಂಗ್ ಪಾಸು ಬದಲಾಯಿಸಿಕೊಳ್ಳುವುದು ಹಳೆಯ ತಂತ್ರ. ಚೆಕ್-ಇನ್ ತೆರೆದಾಗ ಕೌಂಟರಿನಲ್ಲಿ ನಿಲ್ಲಿ, ಅದು ಮುಚ್ಚಿದ ಕೂಡಲೇ ಗೇಟಿಗೆ ಹೋಗಿ.

ಪಾಸ್‌ಪೋರ್ಟ್ ಕೈಗೆ ಬಂದಾಗ ಮೊದಲು ಪುಸ್ತಕ ನೋಡಬೇಡಿ, ಮುಖ ನೋಡಿ. ಈಗಿನ ಪಾಸ್‌ಪೋರ್ಟನ್ನು ತಿದ್ದುವುದಕ್ಕಿಂತ ಮುಖ ಹೋಲುವ ಇನ್ನೊಬ್ಬರದ್ದನ್ನು ತಂದು ತೋರಿಸುವುದು ಸಲೀಸು. ಕೂದಲು, ಗಡ್ಡ, ಮೈತೂಕ ಬದಲಾಗುತ್ತವೆ. ಕಿವಿಯ ಸುರುಳಿ, ಹಾಲೆ ಕೆನ್ನೆಗೆ ಅಂಟಿಕೊಂಡಿರುವ ಬಗೆ, ಮೂಗಿಗೂ ಮೇಲ್ದುಟಿಗೂ ನಡುವಿನ ಅಂತರ ಅಷ್ಟು ಸುಲಭಕ್ಕೆ ಬದಲಾಗವು. ಕೂದಲನ್ನು ಕಿವಿಯ ಹಿಂದೆ ಸರಿಸಲು ಹೇಳಿ, ಫೋಟೊವನ್ನು ಮುಖದ ಪಕ್ಕದಲ್ಲೇ ಹಿಡಿದು ಒಂದೊಂದು ಅಂಗವನ್ನೇ ಹೋಲಿಸಿ. ‘ಒಟ್ಟಾರೆ ಹಾಗೇ ಇದ್ದಾರಲ್ಲ’ ಎಂಬ ಅನಿಸಿಕೆಯೇ ಇಲ್ಲಿ ಶತ್ರು.

ಆಮೇಲೆ ಪುಸ್ತಕ. ಮುಚ್ಚಿ ಅಂಚಿನಿಂದ ನೋಡಿ. ಹೊರಗೆ ಚಾಚಿದ ಹಾಳೆ ಇದ್ದರೆ ಪುಟಸಂಖ್ಯೆ ಎಣಿಸಿ. ನಡುಪುಟ ಬಿಚ್ಚಿ ಹೊಲಿಗೆಯಲ್ಲಿ ಎರಡನೇ ಸಾಲು ತೂತುಗಳಿವೆಯೇ ಹುಡುಕಿ. ಯುವಿ (ನೇರಳಾತೀತ) ಟಾರ್ಚ್ ಹಾಯಿಸಿದರೆ ಅಸಲಿ ಕಾಗದ ಮಂಕಾಗಿಯೇ ಇರುತ್ತದೆ, ಅದರ ಮೇಲಿನ ಚಿತ್ತಾರ ಮತ್ತು ನಾರುಗಳಷ್ಟೇ ಹೊಳೆಯುತ್ತವೆ. ಇಡೀ ಪುಟ ನೀಲಿಬಿಳುಪಾಗಿ ಉರಿದರೆ ಅದು ಆಫೀಸಿನ ಪ್ರಿಂಟರ್ ಕಾಗದದ ಗುಣ. 10 ಪಟ್ಟಿನ ಭೂತಗನ್ನಡಿಯಲ್ಲಿ ಹಿನ್ನೆಲೆಯ ಗೆರೆಗಳನ್ನು ನೋಡಿ: ಅಸಲಿಯಲ್ಲಿ ಕೂದಲೆಳೆಯಂಥ ಅಖಂಡ ಗೆರೆ, ಇಂಕ್‌ಜೆಟ್ ನಕಲಿಯಲ್ಲಿ ಬಣ್ಣಬಣ್ಣದ ಚುಕ್ಕೆಗಳ ಸಾಲು.

ಫೋಟೊ ಪುಟದ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಲ್ಲಿ ತಲಾ 44 ಅಕ್ಷರಗಳಿರುತ್ತವೆ. ಎರಡನೇ ಸಾಲಿನ 14ರಿಂದ 19ನೇ ಸ್ಥಾನದವರೆಗೆ ಹುಟ್ಟಿದ ದಿನ, 20ರಲ್ಲಿ ಅದರ ತಾಳೆ ಅಂಕಿ, ಅಂದರೆ ಹಿಂದಿನ ಅಂಕಿಗಳು ಸರಿಯೇ ಎಂದು ಪರೀಕ್ಷಿಸುವ ಅಂಕಿ. ಲೆಕ್ಕ ಸರಳ: ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ, ಕೂಡಿಸಿ, ಮೊತ್ತದ ಕೊನೆಯ ಅಂಕಿ ತೆಗೆದುಕೊಳ್ಳಿ. 850314 (1985ರ ಮಾರ್ಚ್ 14) ಎಂದಿದ್ದರೆ 56+15+0+21+3+4, ಅಂದರೆ 99. ತಾಳೆ ಅಂಕಿ 9. ಯಾರೋ 85ನ್ನು 88 ಮಾಡಿದ್ದರೆ ಮೊತ್ತ 108 ಆಗಿ ತಾಳೆ ಅಂಕಿ 8 ಇರಬೇಕಿತ್ತು. ಅಲ್ಲಿ ಇನ್ನೂ 9 ಕುಳಿತಿದ್ದರೆ ತಿದ್ದಿದವರು ಅಂಕಗಣಿತ ಮರೆತಿದ್ದಾರೆ. ಲೆಕ್ಕ ತಪ್ಪಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ಸರಿ ಬಂದ ಮಾತ್ರಕ್ಕೆ ಪಾಸ್‌ಪೋರ್ಟ್ ಅಸಲಿ ಎನ್ನಲಾಗದು. ಈ ಲೆಕ್ಕ ನಕಲಿ ಮಾಡುವವರಿಗೂ ಗೊತ್ತು.

ದೋಷ ಸಿಕ್ಕಿತು ಅನ್ನಿ. ‘ಇವರನ್ನು ಹತ್ತಿಸಬೇಡಿ’ ಎಂದು ಆಜ್ಞೆ ಮಾಡಬೇಡಿ. ‘ಈ ದಾಖಲೆಯ ಮೇಲೆ ಇವರಿಗೆ ನಮ್ಮಲ್ಲಿ ಪ್ರವೇಶ ಸಿಗುವ ಸಾಧ್ಯತೆಯಿಲ್ಲ, ಹತ್ತಿಸಿಕೊಳ್ಳದಿರುವುದು ನಮ್ಮ ಸಲಹೆ’ ಎಂದು ಡ್ಯೂಟಿ ಮ್ಯಾನೇಜರಿಗೆ ಹೇಳಿ. ವಿಮಾನದ ಸಂಖ್ಯೆ, ಸಮಯ, ಕಾರಣ ಬರೆದು ಕೊಡಿ. ತೀರ್ಮಾನ ಏರ್‌ಲೈನಿನದ್ದು. ಪ್ರವೇಶ ಸಿಗದವರನ್ನು ವಾಪಸು ಕರೆದೊಯ್ಯುವ ಹೊಣೆ, ಅನೇಕ ದೇಶಗಳಲ್ಲಿ ದಂಡವೂ ಅವರದ್ದೇ ಆದ್ದರಿಂದ ಸಲಹೆಯನ್ನು ತಳ್ಳಿಹಾಕುವುದು ಅಪರೂಪ. ಪಾಸ್‌ಪೋರ್ಟನ್ನು ಜೇಬಿಗಿಳಿಸಬೇಡಿ, ಏರ್‌ಲೈನಿನವರ ಕೈಗೇ ಮರಳಿಸಿ. ಪೊಲೀಸರನ್ನು ಕರೆಯುವುದೂ ಸ್ಥಳೀಯರ ಕೆಲಸವೇ.

ಇನ್ನೊಂದು ಎಚ್ಚರ. ನಕಲಿ ದಾಖಲೆ ಹಿಡಿದವರೆಲ್ಲ ವಂಚಕರಲ್ಲ; ಜೀವಭಯದಿಂದ ಓಡಿ ಬಂದವರಿಗೆ ಅಸಲಿ ದಾಖಲೆ ಎಲ್ಲಿಂದ ಬರಬೇಕು? ಆಶ್ರಯದ ಮಾತು ಬಂದರೆ, ಯಾವ ಕಾರಣಕ್ಕೂ ಅವರು ಬಿಟ್ಟು ಬಂದ ದೇಶದ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಬೇಡಿ. ಆತಿಥೇಯ ದೇಶದ ಸಂಬಂಧಪಟ್ಟ ಕಚೇರಿಗೆ ದಾಟಿಸಿ, ದಾಟಿಸಿದ್ದನ್ನು ದಾಖಲಿಸಿ.

ಬಂದರಿನಲ್ಲಿ

ಇಲ್ಲಿ ಗಡಿಯಾರವೇ ಯಜಮಾನ. ಅಮೆರಿಕಕ್ಕೆ ಹೊರಡುವ ಕಂಟೇನರುಗಳ ವಿವರ ಹಡಗಿಗೆ ಏರಿಸುವ 24 ಗಂಟೆ ಮೊದಲೇ ಸಲ್ಲಿಕೆಯಾಗಬೇಕು; ಯುರೋಪಿನ ನಿಯಮವೂ ಹೆಚ್ಚುಕಡಿಮೆ ಹಾಗೇ. ಆ ಅವಧಿಯೊಳಗೆ ಕಾಗದ ಓದಿ, ಅನುಮಾನದ ಕಂಟೇನರು ಆರಿಸಿ, ತಪಾಸಣೆಗಾಗಿ ಸ್ಥಳೀಯ ಕಸ್ಟಮ್ಸ್‌ಗೆ ಕೋರಿಕೆ ಕೊಡಬೇಕು. ತಡವಾದರೆ ನಿಮ್ಮ ಕಂಟೇನರು ರಾಶಿಯ ಅಡಿಯಲ್ಲೋ ಹಡಗಿನ ಒಳಗೋ ಇರುತ್ತದೆ, ಹೊರತೆಗೆಯುವ ಖರ್ಚು ಯಾರದ್ದೆಂಬ ಜಗಳ ಶುರು. 20 ಅರೆಬರೆ ಅನುಮಾನಗಳಿಗಿಂತ ಕಾರಣ ಬರೆದ 3 ಕೋರಿಕೆಗಳಿಗೆ ಹೆಚ್ಚು ಬೆಲೆಯಿದೆ. ಸತತವಾಗಿ ಖಾಲಿ ಕೈಯಲ್ಲಿ ಮರಳಿದ ಸ್ಥಳೀಯ ತಂಡ ಮುಂದಿನ ಸಲ ನಿಧಾನಕ್ಕೆ ಏಳುತ್ತದೆ.

ಕಂಟೇನರಿನ ಬಾಗಿಲ ಸೀಲನ್ನು ನೋಡಿ, ಸಂಖ್ಯೆಯನ್ನು ಕಾಗದದೊಂದಿಗೆ ಹೋಲಿಸಿ, ಜಗ್ಗಿ, ತಿರುಚಿ ಎಂದು ಸ್ಥಳೀಯ ಅಧಿಕಾರಿಗಳನ್ನು ಕೋರಿ. ಉನ್ನತ ಭದ್ರತೆಯ ಬೋಲ್ಟ್ ಸೀಲಿನ ಮೇಲೆ ‘ಎಚ್’ ಗುರುತಿರುತ್ತದೆ. ಸೀಲು ಗಟ್ಟಿಯಿದ್ದರೂ ಬಾಗಿಲು ತೆರೆದಿರಬಹುದು: ಹಿಡಿಕೆಯ ರಿವೆಟ್ ಕಿತ್ತು ಹೊಸದು ಹಾಕಿದರೆ ಸೀಲಿಗೆ ಏನೂ ಆಗದು. ಹೊಸ ಬಣ್ಣದ ವಾಸನೆ, ಉಳಿದವುಗಳಿಗಿಂತ ಮಿರಮಿರ ಹೊಳೆಯುವ ಒಂದೇ ಒಂದು ರಿವೆಟ್ ಇದನ್ನು ಬಿಟ್ಟುಕೊಡುತ್ತವೆ. ಬಾಗಿಲ ಹಿಂದೆಯೇ ಕಳ್ಳಮಾಲಿನ ಕೈಚೀಲಗಳು, ಜೊತೆಗೆ ಅದೇ ಸಂಖ್ಯೆಯ ಇನ್ನೊಂದು ಸೀಲು ಸಿಕ್ಕರೆ ಮಾಲಿನ ಒಡೆಯರಿಗೆ ವಿಷಯವೇ ಗೊತ್ತಿಲ್ಲದಿರುವ ಸಾಧ್ಯತೆ ಹೆಚ್ಚು. ದಾರಿಯಲ್ಲಿ ತುಂಬಿ, ತಲುಪಿದ ಬಂದರಿನಲ್ಲಿ ಕದ್ದು ಇಳಿಸಿಕೊಳ್ಳುವ ವಿಧಾನ ಅದು.

ಮಾಲು ಖಾಲಿ ಮಾಡಿಸಿದ ಮೇಲೆ ಲೇಸರ್ ಅಳತೆಗೋಲು ಹಿಡಿಸಿ. 20 ಅಡಿ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್, 40 ಅಡಿಯದ್ದು ಸುಮಾರು 12 ಮೀಟರ್. ಕಾಲು ಮೀಟರ್ ಕಡಿಮೆ ಬಂದರೆ ಎದುರಿನ ಗೋಡೆ ಸುಳ್ಳು ಹೇಳುತ್ತಿದೆ. ಶೀತಲ ಕಂಟೇನರಿಗೆ ಈ ಅಳತೆ ಹೊಂದದು, ಯಂತ್ರವೇ ಜಾಗ ತಿಂದಿರುತ್ತದೆ. ಬಾಗಿಲು ತೆರೆದ ತಕ್ಷಣ ತಲೆ ಒಳಗೆ ಹಾಕಬೇಡಿ: ಹುಳು ಕೊಲ್ಲಲು ಹಾಕಿದ ಫಾಸ್ಫೀನ್ ಅಥವಾ ಮೀಥೈಲ್ ಬ್ರೋಮೈಡ್ ಅನಿಲ ಅಲ್ಲೇ ನಿಂತಿರಬಹುದು, ಎಚ್ಚರಿಕೆಯ ಚೀಟಿ ಹರಿದುಹೋಗಿರಬಹುದು. ಅನಿಲ ಮಾಪಕ ಸರಿಯೆಂದ ಮೇಲೆಯೇ ಒಳಗೆ, ಅದೂ ಸ್ಥಳೀಯರ ಹಿಂದೆ.

ಮಾಹಿತಿಯ ವ್ಯವಹಾರ

ಸುಳಿವು ಬೇರೆ, ಸಾಕ್ಷ್ಯ ಬೇರೆ. ಸ್ಥಳೀಯ ಅಧಿಕಾರಿ ಫೋನಿನಲ್ಲಿ ಹೇಳಿದ್ದನ್ನು ನಿಮ್ಮ ದೇಶದ ಕೋರ್ಟಿನಲ್ಲಿ ಹಾಜರುಪಡಿಸಿದರೆ ಪ್ರಕರಣವೂ ಬೀಳುತ್ತದೆ, ಆ ಸ್ನೇಹವೂ ಮುಗಿಯುತ್ತದೆ. ಪ್ರತಿ ಟಿಪ್ಪಣಿಯ ತಲೆಯಲ್ಲೇ ‘ತನಿಖೆಗೆ ಮಾತ್ರ’ ಎಂದೋ ‘ಕೋರ್ಟಿಗೆ ಬಳಸಲು ಒಪ್ಪಿಗೆಯಿದೆ’ ಎಂದೋ ಬರೆಯಿರಿ. ಸಾಕ್ಷ್ಯ ಬೇಕಿದ್ದರೆ ಪರಸ್ಪರ ನೆರವಿನ ಒಪ್ಪಂದದಡಿ ಲಿಖಿತ ಕೋರಿಕೆ ಹೋಗಲಿ. ಮೂರನೇ ದೇಶಕ್ಕೆ ದಾಟಿಸುವ ಮುನ್ನ ಕೊಟ್ಟವರನ್ನು ಕೇಳಿ.

ಬಾತ್ಮಿದಾರರನ್ನು ಸ್ವಂತವಾಗಿ ಸಾಕುವ ಆಸೆ ಬೇಡ. ತವರಿನಲ್ಲಿ ಅದು ಕರ್ತವ್ಯ, ಅಲ್ಲಿ ಬೇಹುಗಾರಿಕೆ. ನಿಮ್ಮನ್ನು ಹೊರಹಾಕಲು ಆತಿಥೇಯ ದೇಶ ಕಾರಣವನ್ನೂ ಕೊಡಬೇಕಿಲ್ಲ. ಯಾರಾದರೂ ತಾವಾಗಿ ಬಂದು ಹೇಳಿದರೆ ಹಣ ಕೊಡದೆ, ಮಾತು ಕೊಡದೆ, ಸ್ಥಳೀಯ ಕಸ್ಟಮ್ಸ್‌ಗೆ ಪರಿಚಯಿಸಿ.

ಬಿಟ್ಟು ಬರುವಾಗ ಫೋನ್ ಪಟ್ಟಿ ಕೊಟ್ಟರೆ ಸಾಲದು. ಹೊಸಬರನ್ನು ಬಂದರಿಗೂ ಕೌಂಟರಿಗೂ ಕರೆದೊಯ್ದು, ರಾತ್ರಿ ಪಾಳಿಯ ಮೇಲ್ವಿಚಾರಕರಿಗೆ ಮುಖತಃ ಪರಿಚಯಿಸಿ. ರಾತ್ರಿ 2 ಗಂಟೆಗೆ ಕಂಟೇನರು ನಿಲ್ಲಿಸುವಂತೆ ಕೋರಬೇಕಾಗುವುದು ಅವರನ್ನೇ.