ಮೀನಿನ ಟ್ಯಾಂಕಿಗೆ ಹುಳ ಬಿದ್ದರೆ ಮೊದಲು ಊಟ ಕಡಿಮೆ ಮಾಡಿ

ಟ್ಯಾಂಕಿನ ಗಾಜಿನ ಮೇಲೆ ಬಿಳಿ ದಾರದ ಚೂರಿನಂಥದ್ದು ಹರಿದಾಡಿದ್ದು ಕಂಡರೆ ಹೆಚ್ಚಿನವರು ನೀರನ್ನೆಲ್ಲ ಚೆಲ್ಲಿ, ತಳದ ಸಣ್ಣ ಕಲ್ಲು, ಫಿಲ್ಟರ್ ಎಲ್ಲವನ್ನೂ ತಿಕ್ಕಿ ತೊಳೆಯೋಕೆ ನಿಲ್ಲುತ್ತಾರೆ. ಇಲ್ಲವೇ ಅಂಗಡಿಗೆ ಓಡಿ ಯಾವುದೋ ಔಷಧಿ ತಂದು ಸುರಿಯುತ್ತಾರೆ. ಎರಡೂ ಬೇಡ. ಮೀನಿನ ಹೊಲಸನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಇರುವುದೇ ಆ ಕಲ್ಲು, ಆ ಫಿಲ್ಟರ್ ಸ್ಪಂಜಿನಲ್ಲಿ. ಅದನ್ನು ತಿಕ್ಕಿ ತೆಗೆದರೆ ಅಮೋನಿಯಾ ಏರಿ ಮೀನೇ ಸಾಯುತ್ತವೆ. ಹುಳ ಮಾತ್ರ ಎಲ್ಲೋ ಸಂದಿಯಲ್ಲಿ ಉಳಿದು ಮತ್ತೆ ಬರುತ್ತದೆ.

ಯಾವ ಹುಳ ಅಂತ ಮೊದಲು ನೋಡಿ. ರಾತ್ರಿ ಲೈಟ್ ಆರಿಸಿ ಒಂದೆರಡು ಗಂಟೆ ಬಿಟ್ಟು ಮೊಬೈಲ್ ಟಾರ್ಚ್ ಹಿಡಿಯಿರಿ. ಕಣ್ಣು ಮಂಜಾದ ನಮ್ಮಂಥವರು ಕ್ಯಾಮೆರಾ ದೊಡ್ಡದು ಮಾಡಿ ಒಂದು ಫೋಟೊ ತೆಗೆದುಕೊಂಡರೆ ಸುಲಭ. ಕೂದಲೆಳೆಯ ಹಾಗೆ ತೆಳ್ಳಗಿದ್ದು, ನೀರಲ್ಲಿ ಹಾವಿನಂತೆ ಬಳುಕುತ್ತಾ ತೇಲಿದರೆ ಅದು ಕಲ್ಲಿನಡಿಯ ಕೊಳೆ ತಿನ್ನುವ ಹುಳ, ಡೆಟ್ರೈಟಸ್ ವರ್ಮ್. ಎರೆಹುಳದ ದೂರದ ನೆಂಟ. ಮೀನಿಗೆ ಏನೂ ಮಾಡುವುದಿಲ್ಲ. ಎಲ್ಲ ಟ್ಯಾಂಕಿನಲ್ಲೂ ನಾಲ್ಕಾರು ಇದ್ದೇ ಇರುತ್ತವೆ, ಕಾಣುವುದಿಲ್ಲ ಅಷ್ಟೇ. ಅವು ಗುಂಪುಗುಂಪಾಗಿ ಮೇಲೆ ಬಂದು ಗಾಜು ಹತ್ತಿದರೆ ಮಾತ್ರ ಎಚ್ಚರಿಕೆ. ತಳದಲ್ಲಿ ಕೊಳೆ ಹೆಚ್ಚಾಗಿ ಆಮ್ಲಜನಕ ಕಡಿಮೆಯಾಗಿರುವ ಸಾಧ್ಯತೆ ಜಾಸ್ತಿ.

ಬಳುಕದೆ, ಗಾಜಿಗೆ ಅಂಟಿಕೊಂಡೇ ನುಣ್ಣಗೆ ಜಾರುತ್ತಾ ಹೋಗುವ ಚಪ್ಪಟೆ ಹುಳ ಬೇರೆ. ತಲೆ ಬಾಣದ ತುದಿಯ ಹಾಗೆ ತ್ರಿಕೋನವಾಗಿ, ಅದರ ಮೇಲೆ ಎರಡು ಕಪ್ಪು ಚುಕ್ಕೆ ಮೆಳ್ಳಗಣ್ಣಿನಂತೆ ಕಂಡರೆ ಅದು ಪ್ಲನೇರಿಯಾ. ದೊಡ್ಡ ಮೀನಿಗೆ ಇದರಿಂದ ಭಯವಿಲ್ಲ. ಸಿಗಡಿ ಸಾಕುವವರಿಗೆ, ಮೊಟ್ಟೆ ಮರಿ ಇರುವ ಟ್ಯಾಂಕಿಗೆ ಇದು ಶತ್ರು. ಸಿಟ್ಟಿಗೆ ಬೆರಳಿಂದ ಒರೆಸಿ ಜಜ್ಜಬೇಡಿ. ತುಂಡಾದರೆ ಒಂದೊಂದು ತುಂಡೂ ಮತ್ತೊಂದು ಹುಳವಾಗಿ ಬೆಳೆಯುತ್ತದೆ. ಕೆಂಪಗೆ ದಪ್ಪಗಿದ್ದು ತಳದಲ್ಲಿ ಹೊರಳಾಡುವುದು ಒಂದು ಬಗೆಯ ನೊಣದ ಮರಿ. ಅದನ್ನು ಮೀನೇ ಹಬ್ಬ ಮಾಡಿ ತಿನ್ನುತ್ತವೆ, ಬಿಡಿ. ಒಂದೇ ಕಡೆ ಕಚ್ಚಿಕೊಂಡು ನಿಂತು ತುದಿಯಲ್ಲಿ ಎಳೆಎಳೆ ಬೀಸುವುದು ಹೈಡ್ರಾ. ಅದು ಹುಳವೇ ಅಲ್ಲ, ಆದರೆ ಸಣ್ಣ ಮರಿಗಳನ್ನು ಹಿಡಿದು ತಿನ್ನುತ್ತದೆ.

ಇಷ್ಟಕ್ಕೂ ಕಾರಣ ಬಹುಪಾಲು ಒಂದೇ, ಊಟ ಜಾಸ್ತಿ. ಬೆಳಿಗ್ಗೆ ಅಪ್ಪ ಹಾಕುತ್ತಾರೆ, ಶಾಲೆಯಿಂದ ಬಂದ ಮಗು ಒಂದು ಚಿಟಿಕೆ ಹಾಕುತ್ತದೆ, ಸಂಜೆ ಬಂದ ನೆಂಟರಿಗೂ ಹಾಕಿ ನೋಡುವ ಆಸೆ. ಮೀನು ಬಾಯಿ ತೆರೆದುಕೊಂಡು ಮೇಲೆ ಬರುವುದು ಪ್ರತಿ ಸಲ ಹಸಿವಿಗಲ್ಲ, ಬಹುಪಾಲು ಅಭ್ಯಾಸಕ್ಕೆ. ತಿನ್ನದೆ ಉಳಿದದ್ದು ಕಲ್ಲಿನ ಸಂದಿಗೆ ಇಳಿದು ಕೊಳೆಯುತ್ತದೆ. ಒದ್ದೆಯಾದ ಅಕ್ಕಿಗೆ ಹುಳ ಬಿದ್ದ ಹಾಗೆಯೇ ಇದೂ. ಭಾನುವಾರ ಕುಳಿತು ವಾರದ ಊಟವನ್ನು ಏಳು ಪುಟ್ಟ ಡಬ್ಬಿಗೆ ಹಾಕಿಡಿ. ಹಳೆಯ ಮಾತ್ರೆ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದ್ದು. ದೊಡ್ಡ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿ. ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ ಅಳತೆ. ಹುಳ ಕಂಡ ವಾರ ಒಂದೆರಡು ದಿನ ಉಪವಾಸವೇ ಇರಲಿ. ಬೆಳೆದ, ಆರೋಗ್ಯವಾದ ಮೀನಿಗೆ ಏನೂ ಆಗುವುದಿಲ್ಲ. ಮರಿಗಳಿಗೆ ಮಾತ್ರ ಉಪವಾಸ ಬೇಡ.

ಆಮೇಲೆ ತಳ ಕ್ಲೀನ್ ಮಾಡಬೇಕು. ಸೈಫನ್ ಪೈಪಿನ ಅಗಲ ಬಾಯಿಯನ್ನು ಕಲ್ಲಿನೊಳಗೆ ತಳದವರೆಗೂ ಚುಚ್ಚಿ ಒಂದು ಕ್ಷಣ ಹಿಡಿಯಿರಿ. ಕಲ್ಲು ಮೇಲೆದ್ದು ಗಿರಗಿರ ತಿರುಗಿ ಕೆಳಗೆ ಬೀಳುತ್ತದೆ, ಕಂದು ಕೊಳೆ ಹೊಗೆಯಂತೆ ಪೈಪಿನಲ್ಲಿ ಏರಿ ಬಕೆಟ್ಟಿಗೆ ಹೋಗುತ್ತದೆ. ನೀರು ತಿಳಿಯಾಗಿ ಬಂದಾಗ ಪಕ್ಕದ ಜಾಗಕ್ಕೆ ಸರಿಯಿರಿ. ಬಿಳಿ ಮಗ್ಗಿನಲ್ಲಿ ಆ ನೀರು ಹಿಡಿದು ನೋಡಿದರೆ ಹುಳಗಳು ಎಷ್ಟಿವೆ ಅಂತ ಗೊತ್ತಾಗುತ್ತದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಒಂದು ಸಲಕ್ಕೆ ಅದರಲ್ಲಿ 15 ಲೀಟರ್ ತೆಗೆದರೆ ಸಾಕು. ವಾರಕ್ಕೊಮ್ಮೆ ಹೀಗೆ ಮಾಡಿ. ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹಾಕದೆ ಟ್ಯಾಂಕಿಗೆ ಹೊಯ್ಯಬೇಡಿ. ಫಿಲ್ಟರ್ ಸ್ಪಂಜನ್ನೂ ಬಕೆಟ್ಟಿಗೆ ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ. ಕೊಳೆ ಹುಳಕ್ಕೆ ಇಷ್ಟೇ ಮದ್ದು, ಕೆಲವು ವಾರದಲ್ಲಿ ತಾವೇ ಕಾಣೆಯಾಗುತ್ತವೆ. ತೆಗೆದ ನೀರು ಹೂವಿನ ಕುಂಡಕ್ಕೆ ಚೆನ್ನಾಗಿರುತ್ತದೆ, ಮೋರಿಗೆ ಚೆಲ್ಲಬೇಡಿ.

ಪ್ಲನೇರಿಯಾಕ್ಕೆ ಬಲೆ ಬೇಕು. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಮೀನು ನುಗ್ಗಲಾಗದಷ್ಟು ಸಣ್ಣ ತೂತು ಕೊರೆದು, ಒಳಗೆ ಹಸಿ ಸಿಗಡಿಯ ಒಂದು ಚೂರು ಹಾಕಿ, ಲೈಟ್ ಆರಿಸಿದ ಮೇಲೆ ತಳದಲ್ಲಿಡಿ. ಮಾಂಸ ಮುಟ್ಟದ ಮನೆಯವರು ಮೀನಿನ ಊಟದ ಗುಳಿಗೆ ಹಾಕಿದರೂ ನಡೆಯುತ್ತದೆ. ಒಂದೆರಡು ಗಂಟೆಯಲ್ಲಿ ತೆಗೆದು ಒಳಗೆ ಸೇರಿದವನ್ನು ಬಿಸಿನೀರಿಗೆ ಹಾಕಿ. ಬೆಳಗಿನವರೆಗೂ ಬಿಟ್ಟರೆ ತಿಂದು ಹೊರಬಂದು ಬಿಡುತ್ತವೆ. ಬಲೆಗೂ ಬಗ್ಗದಿದ್ದರೆ ಫೆನ್‌ಬೆಂಡಜೋಲ್ ಇದೆ. ನಾಯಿ, ದನಗಳಿಗೆ ಕೊಡುವ ಜಂತುಹುಳದ ಔಷಧಿಯೇ ಅದು. ಅಳತೆಯನ್ನು ಪಶುವೈದ್ಯರನ್ನೋ ತಿಳಿದ ಅಂಗಡಿಯವರನ್ನೋ ಕೇಳಿಯೇ ಹಾಕಿ. ಬಸವನಹುಳುಗಳಿಗೆ ಅದು ಆಗುವುದಿಲ್ಲ, ಮೊದಲೇ ಬೇರೆ ಪಾತ್ರೆಗೆ ತೆಗೆದಿಡಿ. ಹುಳ ಒಟ್ಟಿಗೆ ಸತ್ತರೆ ನೀರು ಕೆಡುತ್ತದೆ, ಮರುದಿನವೇ ಸ್ವಲ್ಪ ನೀರು ಬದಲಿಸಿ.

ಅಡಿಕೆ ನಾಡಿನವರಿಗೆ ಒಂದು ಮಾತು. ಅಡಿಕೆಯಲ್ಲಿರುವ ಅರೆಕೋಲಿನ್ ಹುಳಕ್ಕೆ ವಿಷ. ಹಿಂದೆ ನಾಯಿಗಳ ಜಂತುಹುಳಕ್ಕೂ ಅದನ್ನು ಕೊಡುತ್ತಿದ್ದರು. ಪ್ಲನೇರಿಯಾಕ್ಕೆಂದೇ ಅಡಿಕೆಯ ಸಾರದ ಪುಡಿ ಮಾರುಕಟ್ಟೆಯಲ್ಲಿದೆ. ಹಾಗಂತ ತೋಟದ ಅಡಿಕೆ ಜಜ್ಜಿ ಕುದಿಸಿ ಟ್ಯಾಂಕಿಗೆ ಸುರಿಯಬೇಡಿ. ಸಾರ ಎಷ್ಟು ಇಳಿದಿದೆ ಅಂತ ಅಳೆಯೋಕೆ ನಮ್ಮ ಅಡುಗೆಮನೆಯಲ್ಲಿ ಆಗುವುದಿಲ್ಲ.

ನಿಜಕ್ಕೂ ಭಯಪಡಬೇಕಾದದ್ದು ಮೀನಿನ ಮೈಯಲ್ಲಿ ಕಾಣುವ ಹುಳ. ಗಪ್ಪಿ, ಮಾಲಿ ಜಾತಿಯ ಮೀನುಗಳ ಗುದದಿಂದ ಕೆಂಪು ದಾರದ ತುದಿಗಳು ಹೊರಗೆ ಇಣುಕಿದರೆ ಅದು ಕರುಳಿನ ಹುಳ, ಕ್ಯಾಮಲಾನಸ್. ಮೀನಿಂದ ಮೀನಿಗೆ ಹರಡುತ್ತದೆ. ಇಲ್ಲಿ ಕ್ಲೀನಿಂಗ್ ಒಂದೇ ಸಾಲದು, ಲೆವಮಿಸೋಲ್‌ನಂಥ ಔಷಧಿ ಬೇಕು. ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲವೂ ಕೊಡಬೇಕಾಗುತ್ತದೆ. ಅಲ್ಲಿಯವರೆಗೆ ಆ ಟ್ಯಾಂಕಿನ ಬಲೆ, ಪೈಪು ಬೇರೆ ಟ್ಯಾಂಕಿಗೆ ತಾಗಿಸಬೇಡಿ.

ಹೊಸ ಗಿಡ ತಂದಾಗ ಸುಮ್ನೆ ತೊಳೆದು ನೆಡಬೇಡಿ. ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ಎರಡು ವಾರ ಬೇರೆ ಬಕೆಟ್ಟಿನಲ್ಲಿಡಿ. ಅಂಗಡಿಯಲ್ಲಿ ಮುದ್ದೆಯಾಗಿ ಮಾರುವ ಜೀವಂತ ಟ್ಯೂಬಿಫೆಕ್ಸ್ (ಮೀನಿಗೆ ಊಟವಾಗಿ ಹಾಕುವ ಕೆಂಪು ಹುಳ) ಬದಲು ಒಣಗಿಸಿದ್ದು ಕೊಳ್ಳಿ.