ಒಂದೇ ಆಜ್ಞೆಗೆ ಸಿದ್ಧವಾಗುವ ಟರ್ಮಿನಲ್

ರಾಯಚೂರಿನ ಗಂಜ್‌ನ ದಲಾಲಿ ಅಂಗಡಿಯೊಂದಕ್ಕೆ ಹತ್ತಿ ಖರೀದಿಯ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದೇನೆ. ಕರೆಂಟು ಹೋಗಿ ಕಂಪ್ಯೂಟರ್ ಆರಿತೆಂದರೆ ಸರ್ವರ್, ಡೇಟಾಬೇಸ್, ಲಾಗ್ ಎಲ್ಲವನ್ನೂ ಒಂದೊಂದಾಗಿ ತೆರೆಯುವ ತಾಳ್ಮೆ ನನಗಿಲ್ಲ. ಅದಕ್ಕೇ ಟಿಮಕ್ಸ್ (tmux): ಒಂದೇ ಟರ್ಮಿನಲ್‌ನಲ್ಲಿ ಹಲವು ಆಜ್ಞೆಗಳನ್ನು ಅಕ್ಕಪಕ್ಕ ಓಡಿಸುವ ತಂತ್ರಾಂಶ.

ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಒಂದು ಶೆಲ್ ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ) ಇಡಿ. ಸೆಷನ್, ಅಂದರೆ ಟಿಮಕ್ಸ್ ತೆರೆದಿಟ್ಟ ಕೆಲಸದ ಜಾಗ, ಈಗಾಗಲೇ ಇದೆಯೇ ಎಂದು ಮೊದಲು ಹ್ಯಾಸ್-ಸೆಷನ್‌ನಿಂದ ನೋಡಿ. ಇದ್ದರೆ ನೇರವಾಗಿ ಅಟ್ಯಾಚ್, ಅಂದರೆ ಅದಕ್ಕೇ ಸೇರಿಕೊಳ್ಳಿ. ಈ ತಪಾಸಣೆ ಬಿಟ್ಟರೆ ಎರಡನೇ ಸಲ ‘ಡೂಪ್ಲಿಕೇಟ್ ಸೆಷನ್’ ಎಂದು ಬೈಸಿಕೊಳ್ಳುತ್ತೀರಿ. ಸೆಷನ್ ಇಲ್ಲದಿದ್ದರೆ ನ್ಯೂ-ಸೆಷನ್‌ಗೆ ಡ್ಯಾಶ್ ಡಿ ಸೇರಿಸಿ ಹಿನ್ನೆಲೆಯಲ್ಲಿ ಆರಂಭಿಸಿ, ಸ್ಪ್ಲಿಟ್-ವಿಂಡೋದಿಂದ ಪರದೆಯನ್ನು ಭಾಗ ಮಾಡಿ, ಸೆಂಡ್-ಕೀಸ್‌ನಿಂದ ಆಯಾ ಭಾಗಕ್ಕೆ ಅದರ ಆಜ್ಞೆ ಕಳುಹಿಸಿ. ಆಜ್ಞೆಯ ನಂತರ ‘ಎಂಟರ್’ ಎಂದು ಬರೆಯದಿದ್ದರೆ ಅದು ಟೈಪಾಗಿ ಅಲ್ಲೇ ಕುಳಿತಿರುತ್ತದೆ, ಓಡುವುದಿಲ್ಲ! ಕೊನೆಯ ಸಾಲು ಅಟ್ಯಾಚ್.

ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ಸ್ಕ್ರಿಪ್ಟಿನಲ್ಲಿ ಬೇಡ. ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಸೇರಿಸದ ಬೇರೆ ಕಡತದಲ್ಲಿರಲಿ.