ವಿಮಾನ ಕಂಪನಿ ಷೇರಿನ ಶಾರ್ಟ್ ಇಂಟರೆಸ್ಟ್ ಓದುವ ಬಗೆ

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಂದಿನಿಂದ ಹಾಸನದ ಕಡೆಯ ನಮಗೆ ವಿಮಾನ ಕಂಪನಿಗಳೆಂದರೆ ಒಂದು ಬಗೆಯ ಸಲುಗೆ. ಆ ಸಲುಗೆಯಿಂದ ಷೇರು ಕೊಳ್ಳುವವರು ಶಾರ್ಟ್ ಇಂಟರೆಸ್ಟ್ ಎಂಬ ಅಂಕಿಯನ್ನೂ ಓದಲು ಕಲಿಯಬೇಕೆಂಬುದು ನನ್ನ ಆಸೆ.

ಸಕಲೇಶಪುರದ ಬೆಳೆಗಾರರೊಬ್ಬರು ನೆರೆಯವರಿಂದ ಒಂದು ಕ್ವಿಂಟಲ್ ಕಾಳುಮೆಣಸನ್ನು ಕಡ ತಂದು, ಕಿಲೋಗೆ 600 ರೂಪಾಯಿಯಂತೆ ಇಂದೇ ಮಾರಿದರೆನ್ನೋಣ. ಅವರು ಹಿಂದಿರುಗಿಸಬೇಕಾದದ್ದು ಹಣವನ್ನಲ್ಲ, ಮೆಣಸನ್ನು. ಬೆಲೆ 500ಕ್ಕೆ ಇಳಿದರೆ 10,000 ರೂಪಾಯಿ ಉಳಿಯುತ್ತದೆ. 800ಕ್ಕೆ ಏರಿದರೆ 20,000 ರೂಪಾಯಿ ಕೈಬಿಡುತ್ತದೆ, ಏರಿಕೆಗೆ ಮಿತಿಯಿಲ್ಲದ ಕಾರಣ ನಷ್ಟಕ್ಕೂ ಮಿತಿಯಿಲ್ಲ. ಹೀಗೆ ಕಡ ತಂದು ಮಾರಿ, ಇನ್ನೂ ಹಿಂದಿರುಗಿಸದೆ ಉಳಿದಿರುವ ಷೇರುಗಳ ಒಟ್ಟು ಸಂಖ್ಯೆಯೇ ಶಾರ್ಟ್ ಇಂಟರೆಸ್ಟ್.

ಬರಿಯ ಸಂಖ್ಯೆಯಿಂದ ಏನೂ ತಿಳಿಯದು. ಮೊದಲು ಅದನ್ನು ಸಾರ್ವಜನಿಕರ ನಡುವೆ ವಹಿವಾಟಿಗೆ ಸಿಗುವ ಷೇರುಗಳಿಗೆ ಹೋಲಿಸಿ: 60 ಕೋಟಿಯಲ್ಲಿ 6 ಕೋಟಿಯಾದರೆ ಶೇ. 10. ಅನಂತರ ಆ 6 ಕೋಟಿಯನ್ನು ದಿನದ ಸರಾಸರಿ ವಹಿವಾಟಿನಿಂದ ಭಾಗಿಸಿ. ಅದು 2 ಕೋಟಿಯಾದರೆ, ಮಾರಿದವರೆಲ್ಲ ಮರಳಿ ಕೊಳ್ಳಲು ಕನಿಷ್ಠ 3 ದಿನ ಬೇಕು. ಈ ದಿನಗಳು ಹೆಚ್ಚಾದಷ್ಟೂ ಬೆಲೆ ಏರುವಾಗ ಮರಳಿ ಕೊಳ್ಳುವವರ ನೂಕುನುಗ್ಗಲು ಹೆಚ್ಚು. 2021ರ ಜನವರಿ 28ರಂದು ಅಮೆರಿಕನ್ ಏರ್‌ಲೈನ್ಸ್ ಹಿಂದಿನ ವರ್ಷದ 890 ಕೋಟಿ ಡಾಲರ್ ನಷ್ಟವನ್ನು ಪ್ರಕಟಿಸಿತು. ಆದರೂ, ಗೇಮ್‌ಸ್ಟಾಪ್ ಎಂಬ ಅಮೆರಿಕದ ಅಂಗಡಿ ಸರಣಿಯಂಥ, ಶಾರ್ಟ್ ಹೆಚ್ಚಿದ್ದ ಷೇರುಗಳನ್ನು ಸಣ್ಣ ಹೂಡಿಕೆದಾರರು ಮುಗಿಬಿದ್ದು ಕೊಳ್ಳುತ್ತಿದ್ದ ಗದ್ದಲದ ಆ ದಿನ ಈ ವಿಮಾನ ಕಂಪನಿಯ ಷೇರು ಏರಿತು.

ವಿಮಾನಯಾನದಲ್ಲಿ ಇನ್ನೊಂದು ಎಚ್ಚರ ಬೇಕು, ಬಹುತೇಕರು ಎಡವುವುದು ಇಲ್ಲಿಯೇ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಮೆರಿಕನ್ ಮತ್ತು ಸೌತ್‌ವೆಸ್ಟ್ ಕಂಪನಿಗಳು ಷೇರಾಗಿ ಪರಿವರ್ತಿಸಬಹುದಾದ ಸಾಲಪತ್ರಗಳನ್ನು ಮಾರಿ ಹಣ ಎತ್ತಿದವು. ಇಂಥ ಪತ್ರ ಕೊಂಡ ಅನೇಕ ನಿಧಿಗಳು ತಮ್ಮ ಅಪಾಯ ತಗ್ಗಿಸಲು ಅದೇ ಕಂಪನಿಯ ಷೇರನ್ನು ಶಾರ್ಟ್ ಮಾಡುತ್ತವೆ. ಅವಕ್ಕೆ ಕಂಪನಿ ಮುಳುಗುತ್ತದೆಂಬ ನಂಬಿಕೆಯೇನೂ ಇರಬೇಕಿಲ್ಲ. ಆದ್ದರಿಂದ ಅಂಕಿ ದೊಡ್ಡದೆಂದು ಹೆದರುವ ಮೊದಲು ಕಂಪನಿಯ ಸಾಲದ ಪಟ್ಟಿಯಲ್ಲಿ ಇಂಥ ಪತ್ರಗಳಿವೆಯೇ ನೋಡಿ.

ಅಮೆರಿಕದಲ್ಲಿ ಈ ಅಂಕಿ ತಿಂಗಳಿಗೆ ಎರಡು ಬಾರಿ, ಅದೂ ಕೆಲವು ದಿನ ತಡವಾಗಿ ಹೊರಬರುತ್ತದೆ. ನಮ್ಮಲ್ಲಿ ಕಡ ತಾರದೆ ಮಾರಿ ಷೇರು ಒಪ್ಪಿಸದಿರುವುದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅನುಮತಿಯಿಲ್ಲ. ಷೇರು ಕಡ ತರುವ ವ್ಯವಸ್ಥೆ 2008ರಿಂದ ಇದ್ದರೂ ಬಳಕೆ ಕಡಿಮೆ, ಹೆಚ್ಚಿನ ಶಾರ್ಟ್ ವಹಿವಾಟು, ಮುಂದಿನ ದಿನಾಂಕದ ವ್ಯವಹಾರಕ್ಕೆ ಇಂದೇ ಬೆಲೆ ಗೊತ್ತುಮಾಡುವ ಕರಾರುಗಳಾದ ಫ್ಯೂಚರ್ಸ್‌ನಲ್ಲೇ ನಡೆಯುತ್ತದೆ. ಇಂಡಿಗೋ ನಡೆಸುವ ಇಂಟರ್‌ಗ್ಲೋಬ್ ಷೇರಿನ ಎದುರು ಕಾಣುವ ಓಪನ್ ಇಂಟರೆಸ್ಟನ್ನು, ಅಂದರೆ ಇನ್ನೂ ಮುಗಿಯದೆ ಉಳಿದಿರುವ ಇಂಥ ಕರಾರುಗಳ ಸಂಖ್ಯೆಯನ್ನು, ಶಾರ್ಟ್ ಇಂಟರೆಸ್ಟೆಂದು ಓದಬೇಡಿ, ಏಕೆಂದರೆ ಅಲ್ಲಿನ ಪ್ರತಿ ಕರಾರಿನಲ್ಲೂ ಮಾರಿದವರೊಬ್ಬರಿದ್ದಂತೆ ಕೊಂಡವರೂ ಒಬ್ಬರಿರುತ್ತಾರೆ.